4,999 ರೂಪಾಯಿಯ ಗೇಮು ಯಾರ ಜೇಬಿಗೆ? ಊರಿಗೊಂದು ಬೆಲೆ ಬೇಕೋ ಬೇಡ್ವೋ, ಬನ್ನಿ ಮಾತಾಡೋಣ

ಲೋಸ್ಪೆಕ್ ಲಿಂಗಣ್ಣ

ನಿನ್ನೆ ರಾತ್ರಿ ಶಿವಮೊಗ್ಗದಿಂದ ತಮ್ಮ ಫೋನ್ ಮಾಡಿದ್ದ. ಮೆಡಿಕಲ್ ಶಾಪಿನಲ್ಲಿ ಕೆಲಸ, ಕೈಗೆ ಬರೋದು ತಿಂಗಳಿಗೆ 15,000. ಆರೇಳು ತಿಂಗಳಿಂದ ಒಂದು ಗೇಮನ್ನು ವಿಶ್‌ಲಿಸ್ಟಿನಲ್ಲಿ ಇಟ್ಟುಕೊಂಡು ಕಾಯುತ್ತಿದ್ದ. ಬೆಲೆ 1,299 ಇತ್ತು. "ಸೇಲ್ ಬರಲಿ ಅಣ್ಣ, ಅರ್ಧಕ್ಕೆ ಸಿಗುತ್ತೆ" ಅಂತಿದ್ದ. ಸೇಲ್ ಬಂತು. ಐವತ್ತು ಪರ್ಸೆಂಟ್ ಅಂತ ಹಸಿರು ಪಟ್ಟಿಯೂ ಬಂತು. ಆದರೆ ನಡುವೆ ಯಾವಾಗಲೋ ಮೂಲ ಬೆಲೆಯನ್ನೇ 2,999 ಮಾಡಿಬಿಟ್ಟಿದ್ದಾರೆ. ಅರ್ಧ ಅಂದ್ರೆ 1,499. ಹಳೇ ಪೂರ್ತಿ ಬೆಲೆಗಿಂತ ಇನ್ನೂರು ರೂಪಾಯಿ ಜಾಸ್ತಿ ಕೊಟ್ಟು "ಅರ್ಧ ಬೆಲೆ"ಗೆ ತಗೋಬೇಕು! ಅವನು ನಗುತ್ತಲೇ ಹೇಳಿದ, ನನಗೆ ಮಾತ್ರ ಹೊಟ್ಟೆ ಉರಿಯಿತು. ಯಾವ ಕಂಪನಿ ಅಂತ ಹೇಳಲ್ಲ, ಈ ಚಾಳಿ ಒಬ್ಬರದ್ದಲ್ಲ.

ಆಮೇಲೆ ನಿದ್ದೆ ಬರದೆ ಒಂದು ಲೆಕ್ಕ ಹಾಕಿದೆ. ಗೇಮಿನ ರೂಪಾಯಿ ಬೆಲೆಯನ್ನು ಅದರ ಅಮೆರಿಕದ ಡಾಲರ್ ಬೆಲೆಯಿಂದ ಭಾಗಿಸಿ. ಬರುವ ಸಂಖ್ಯೆಗೆ ನಾನು "ಗೇಮ್ ಡಾಲರ್" ಅಂತ ಹೆಸರಿಟ್ಟಿದ್ದೇನೆ. ಸ್ಟಾರ್‌ಡ್ಯೂ ವ್ಯಾಲಿ ಅಲ್ಲಿ 14.99 ಡಾಲರ್, ಇಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ 480 ರೂಪಾಯಿ. ಗೇಮ್ ಡಾಲರ್ 32. ಸೈಬರ್‌ಪಂಕ್ 2077 ಅಲ್ಲಿ 59.99, ಇಲ್ಲಿ 2,999. ಅಂದ್ರೆ 50. ಸ್ಟಾರ್‌ಫೀಲ್ಡ್ ಬಂದಾಗ ಅಲ್ಲಿ 69.99, ಇಲ್ಲಿ 4,999. ಅಂದ್ರೆ 71. ಸೋನಿಯದ್ದು ಇನ್ನೂ ಮಜಾ. 2020ರಲ್ಲಿ ಹೊರೈಜನ್ ಜೀರೋ ಡಾನ್ ಪಿಸಿಗೆ ಬಂದಾಗ 49.99 ಡಾಲರಿನ ಗೇಮು ಇಲ್ಲಿ 1,099, ಅಂದ್ರೆ ಡಾಲರಿಗೆ 22. 2022ರ ಜನವರಿಯಲ್ಲಿ ಅದೇ 49.99 ಡಾಲರಿನ ಗಾಡ್ ಆಫ್ ವಾರ್ 3,299. ಅಂದ್ರೆ 66! ಒಂದೂವರೆ ವರ್ಷದಲ್ಲಿ ನಮ್ಮ ಸಂಬಳ ಮೂರು ಪಟ್ಟು ಆಯ್ತಾ? ನನ್ನದಂತೂ ಆಗಿಲ್ಲ.

ನನ್ನ ಪ್ರಶ್ನೆ ಸರಳ. ಗೇಮ್ ಡಾಲರ್ ಎಷ್ಟಿದ್ದರೆ ನ್ಯಾಯ? 4,999 ಅಂದ್ರೆ ನನ್ನ ತಮ್ಮನಿಗೆ ಸುಮಾರು ಒಂಬತ್ತು ದಿನದ ದುಡಿಮೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಏರಿಯೇ ಇಲ್ಲ. ಆ ಕೂಲಿಯವನಿಗೂ 70 ಡಾಲರ್ ಗೇಮ್ ಅಂದ್ರೆ ಹತ್ತು ಗಂಟೆ ಕೆಲಸ ಅಷ್ಟೇ. ಒಂಬತ್ತು ದಿನ ಎಲ್ಲಿ, ಹತ್ತು ಗಂಟೆ ಎಲ್ಲಿ?

ಪ್ಯಾಚ್ ಪುಟ್ಟಣ್ಣ

ಲಿಂಗಣ್ಣ, ಬೇಜಾರ್ ಮಾಡ್ಕೋಬೇಡಿ, ಗೇಮ್ ಏನು ರೇಷನ್ ಅಕ್ಕಿನಾ? ಗ್ರಾಫಿಕ್ಸ್ ಕಾರ್ಡಿಗೆ ಮೂವತ್ತು ಸಾವಿರ ಕೊಡುವವನು ಗೇಮಿಗೆ ಐದು ಸಾವಿರ ಕೊಡಲ್ಲ ಅಂದ್ರೆ ಹೇಗೆ? ಕಾರ್ಡಿಗೆ ಯಾರೂ ಭಾರತದ ಬೆಲೆ ಅಂತ ಕಡಿಮೆ ಮಾಡಲ್ಲ. ತೆರಿಗೆ ಸೇರಿ ಅಮೆರಿಕಕ್ಕಿಂತ ಜಾಸ್ತಿಯೇ ಕೊಡುತ್ತೀವಿ. ಅದಕ್ಕೆ ಯಾರೂ ಥ್ರೆಡ್ ಹಾಕಲ್ಲ.

ಲೋಸ್ಪೆಕ್ ಲಿಂಗಣ್ಣ

ನನ್ನ ಹೆಸರು ನೋಡಿ ಪುಟ್ಟಣ್ಣ, ಲೋ ಸ್ಪೆಕ್, ಅಂದ್ರೆ ಬಡಪಾಯಿ ಕಂಪ್ಯೂಟರಿನವನು. ನನ್ನ ಹತ್ತಿರ ಇರೋದು ಎಸ್‌ಪಿ ರೋಡಿನಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಕಾರ್ಡು. ಫ್ಯಾನ್ ಶಬ್ದಕ್ಕೆ ಪಕ್ಕದ ಮನೆಯವರು "ಮಿಕ್ಸಿ ಹಾಕಿದ್ದೀರಾ" ಅಂತ ಕೇಳುತ್ತಾರೆ.

ತಮಾಷೆ ಇರಲಿ. ಕಾರ್ಡ್ ಒಂದು ವಸ್ತು. ಇನ್ನೊಂದು ಕಾರ್ಡ್ ಮಾಡೋಕೆ ಇನ್ನೊಂದು ಚಿಪ್ ಬೇಕು, ಹಡಗಿನಲ್ಲಿ ಬರಬೇಕು. ಗೇಮಿನ ಇನ್ನೊಂದು ಕಾಪಿಗೆ ಏನು ಖರ್ಚು? ಡೌನ್‌ಲೋಡಿನ ನಾಲ್ಕು ಕಾಸು. ಅದಕ್ಕೇ ಇಲ್ಲಿ ಬೆಲೆ ಕಡಿಮೆ ಇಟ್ಟರೂ ಅವರಿಗೆ ನಷ್ಟ ಇಲ್ಲ. ನನ್ನ ತಮ್ಮ 1,299ಕ್ಕೆ ತಗೊಂಡರೆ ಬಂದಷ್ಟು ಬಂತು. 2,999ಕ್ಕೆ ತಗೊಳ್ಳದಿದ್ದರೆ ಸೊನ್ನೆ.

ಹಳೇ ಸಿಡಿ

ನಾನು ಇಲ್ಲಿ ಎಲ್ಲರಿಗಿಂತ ಹಿರಿಯ ಅನ್ಸುತ್ತೆ, ಸ್ವಲ್ಪ ಹಳೇ ಕಥೆ ಹೇಳ್ತೀನಿ, ಬೈಬೇಡಿ.

ನಮ್ಮ ಕಾಲೇಜ್ ದಿನಗಳಲ್ಲಿ ಗೇಮ್ ಅಂಗಡಿ ಅಂದ್ರೆ ಮೆಜೆಸ್ಟಿಕ್ ಹತ್ತಿರದ ಮಾರ್ಕೆಟ್ಟು. ಪ್ಲಾಸ್ಟಿಕ್ ಕವರಿನಲ್ಲಿ ಸಿಡಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು, ಅದರಲ್ಲೂ ಸ್ಪೆಲ್ಲಿಂಗ್ ತಪ್ಪು. ನೂರು ರೂಪಾಯಿ. ಮನೆಗೆ ಬಂದು ಹಾಕಿದರೆ ಮೂರನೇ ಡಿಸ್ಕ್ ಓದ್ತಾ ಇರಲಿಲ್ಲ. ವಾಪಸ್ ತಗೊಂಡು ಹೋದರೆ "ನಿಮ್ಮ ಡ್ರೈವ್ ಸರಿ ಇಲ್ಲ ಸರ್" ಅಂತಿದ್ದ. ಒರಿಜಿನಲ್ ತಗೊಳ್ಳೋ ಯೋಚನೆಯೇ ಇರಲಿಲ್ಲ, ತಗೊಂಡವನನ್ನು ಹುಚ್ಚ ಅಂತಿದ್ವಿ.

ಅದೇ ಪರಿಸ್ಥಿತಿ ರಷ್ಯಾದಲ್ಲೂ ಇತ್ತು. ರಷ್ಯಾದಲ್ಲಿ ದುಡ್ಡು ಕೊಟ್ಟು ಗೇಮ್ ಯಾರೂ ತಗೊಳ್ಳಲ್ಲ, ಅಲ್ಲಿ ಎಲ್ಲಾ ಕದ್ದಿದ್ದೇ ಅಂತ ದೊಡ್ಡ ಕಂಪನಿಗಳು ಆ ಕಡೆ ತಲೆಯೇ ಹಾಕಿರಲಿಲ್ಲ. ಸ್ಟೀಮ್ ನಡೆಸೋ ವಾಲ್ವ್ ಕಂಪನಿ ಅಲ್ಲಿ ರಷ್ಯನ್ ಭಾಷೆಯಲ್ಲಿ, ಅಲ್ಲಿನವರಿಗೆ ಎಟುಕುವ ಬೆಲೆಯಲ್ಲಿ ಮಾರೋಕೆ ಶುರು ಮಾಡಿತು. ಆಮೇಲೆ ಅದು ಯುರೋಪಿನಲ್ಲೇ ಅವರ ದೊಡ್ಡ ಮಾರುಕಟ್ಟೆಗಳಲ್ಲಿ ಒಂದಾಯಿತು. ಕಳ್ಳ ಕಾಪಿ ಅನ್ನೋದು ಬೆಲೆಗಿಂತ ಸೇವೆಯ ಸಮಸ್ಯೆ ಅಂತ ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ 2011ರಲ್ಲಿ ಹೇಳಿದ್ದು ಈ ಅನುಭವದಿಂದಲೇ. ಸೇವೆ ಅನ್ನೋದರಲ್ಲಿ ಬೆಲೆನೂ ಬಂತು ಅಂತ ನಾನು ಸೇರಿಸ್ತೀನಿ.

ನಮಗೆ ಸ್ಟೀಮಿನಲ್ಲಿ ರೂಪಾಯಿ ಬಂದಿದ್ದು 2015ರ ನವೆಂಬರಿನಲ್ಲಿ. ಅದಕ್ಕೆ ಮುಂಚೆ ಡಾಲರಿನಲ್ಲೇ ಕೊಡಬೇಕಿತ್ತು. ಇಂಟರ್‌ನ್ಯಾಷನಲ್ ಕಾರ್ಡ್ ಇಲ್ಲದವನಿಗೆ ಬಾಗಿಲೇ ಮುಚ್ಚಿತ್ತು. ರೂಪಾಯಿ ಬಂದ ಮೊದಲ ವಾರ ನಾನು ನಾಲ್ಕು ಗೇಮ್ ತಗೊಂಡೆ. ನಾಲ್ಕೂ ಕಾಲೇಜಲ್ಲಿ ನೂರು ರೂಪಾಯಿ ಸಿಡಿಯಲ್ಲಿ ಆಡಿ ಮುಗಿಸಿದ್ದವೇ! ಒಂಥರಾ ಹಳೇ ಸಾಲ ತೀರಿಸಿದ ಹಾಗೆ. ಇವತ್ತಿಗೂ ಅದರಲ್ಲಿ ಎರಡನ್ನು ಇನ್‌ಸ್ಟಾಲ್ ಕೂಡ ಮಾಡಿಲ್ಲ.

ಮಲ್ಲೇಶ್ವರಂ ಮ್ಯಾಪ್

"ನಿಮ್ಮ ಡ್ರೈವ್ ಸರಿ ಇಲ್ಲ ಸರ್" 😂 ಇದನ್ನು ಕೇಳದ ಬೆಂಗಳೂರಿಗ ಉಂಟಾ!

ಇಂಡೀ ಇಡ್ಲಿ

ನಾನು ಬೆಂಗಳೂರಲ್ಲೇ ಮೂರು ಜನರ ಚಿಕ್ಕ ತಂಡದಲ್ಲಿ ಗೇಮ್ ಮಾಡುತ್ತೇನೆ, ಒಂದು ಸ್ಟೀಮಿನಲ್ಲಿದೆ. ಕೌಂಟರಿನ ಆಚೆ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಅರ್ಧ ಜನ ಬೈಯಬೇಕಾದವರನ್ನು ಬಿಟ್ಟು ಬೇರೆಯವರನ್ನು ಬೈಯುತ್ತಿದ್ದೀರಿ.

ಬೆಲೆ ಇಡುವುದು ಸ್ಟೀಮ್ ಅಲ್ಲ, ಗೇಮನ್ನು ಮಾರುಕಟ್ಟೆಗೆ ತರೋ ಪಬ್ಲಿಷರ್. ನಾವು ಡಾಲರ್ ಬೆಲೆ ಹಾಕಿದ ತಕ್ಷಣ ಒಂದು ಉದ್ದ ಪಟ್ಟಿ ಬರುತ್ತೆ, ಒಂದೊಂದು ಕರೆನ್ಸಿಗೂ ಒಂದು ಖಾನೆ, ಅದರಲ್ಲಿ ವಾಲ್ವ್‌ನ ಸಲಹೆ ಬೆಲೆ ತುಂಬಿರುತ್ತೆ. ಬರೀ ಎಕ್ಸ್‌ಚೇಂಜ್ ರೇಟ್ ಅಲ್ಲ, ಆ ದೇಶದಲ್ಲಿ ಜನ ಎಷ್ಟು ಖರ್ಚು ಮಾಡಬಲ್ಲರು ಅನ್ನೋದನ್ನೂ ನೋಡಿ ಹಾಕಿದ್ದು. ಒಪ್ಪಿದರೆ ಒಪ್ಪಿ, ಇಲ್ಲದಿದ್ದರೆ ಅಳಿಸಿ ನಿಮಗೆ ಬೇಕಾದ್ದು ಬರೆಯಿರಿ. ಕಡ್ಡಾಯ ಇಲ್ಲ.

ಈ ಸಲಹೆ ಪಟ್ಟಿಯನ್ನು 2022ರ ಅಕ್ಟೋಬರಿನಲ್ಲಿ ತಿದ್ದಿದರು. ಅದಕ್ಕೆ ಮುಂಚೆ 59.99 ಡಾಲರಿಗೆ ಭಾರತದ ಸಲಹೆ 1,299 ಇತ್ತು, ಅದು 2,400 ಆಯಿತು. ಸುಮಾರು 85 ಪರ್ಸೆಂಟ್ ಏರಿಕೆ. ಲಿಂಗಣ್ಣನ ಭಾಷೆಯಲ್ಲಿ ಹೇಳೋದಾದ್ರೆ ಗೇಮ್ ಡಾಲರ್ 22ರಿಂದ 40ಕ್ಕೆ. ಟರ್ಕಿ, ಅರ್ಜೆಂಟೀನಾಕ್ಕೆ ಐದು ಪಟ್ಟು ದಾಟಿ ಏರಿತು. ನಿಮ್ಮ ತಮ್ಮನ ಗೇಮು ಹಳೇ ಪಟ್ಟಿಯದ್ದು, ಯಾರೋ ತಡವಾಗಿ ಎದ್ದು ತಿದ್ದಿದ್ದಾರೆ. ಆದರೆ ನೋಡಿ, ಹೊಸ ಪಟ್ಟಿಯಲ್ಲೂ ಸಲಹೆ 2,400 ಅಷ್ಟೇ. 2,999, 3,199, 3,999 ಎಲ್ಲಾ ಪಬ್ಲಿಷರ್ ಸ್ವಂತ ಬುದ್ಧಿ.

ಈಗ ದುಡ್ಡು. 480 ರೂಪಾಯಿ ಗೇಮ್ ಮಾರಾಟ ಆಯ್ತು ಅಂತಿಟ್ಕೊಳ್ಳಿ. ನೀವು ನೋಡೋ ಬೆಲೆಯಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆ. ಅದನ್ನು ತೆಗೆದರೆ 407. ಅದರಲ್ಲಿ ಸ್ಟೀಮಿಗೆ 30 ಪರ್ಸೆಂಟ್. ಉಳಿದದ್ದು 285. ಮೂರು ಜನ ಹಂಚಿಕೊಂಡರೆ ತಲಾ 95, ಅದಕ್ಕೆ ಮತ್ತೆ ಆದಾಯ ತೆರಿಗೆ. ಅಮೆರಿಕದ ಬೆಲೆಯಲ್ಲಿ ತೆರಿಗೆ ಸೇರಿರಲ್ಲ ಅನ್ನೋದನ್ನೂ ನೆನಪಿಡಿ, ಅಲ್ಲಿ ಬಿಲ್ ಮಾಡುವಾಗ ಮೇಲೆ ಹಾಕುತ್ತಾರೆ. ಹಾಗಾಗಿ ಗೇಮ್ ಡಾಲರ್ ಲೆಕ್ಕ ಮಾಡುವಾಗ ಮೊದಲು ಜಿಎಸ್‌ಟಿ ಕಳೆಯಿರಿ, ಆಗ 71 ಅಂತ ಹೇಳಿದ್ದು 60ರ ಹತ್ತಿರ ಬರುತ್ತೆ.

ಇನ್ನೊಂದು, 30 ಪರ್ಸೆಂಟ್ ನಮ್ಮಂಥವರಿಗೆ ಮಾತ್ರ. 2018ರಿಂದ ಒಂದು ಕೋಟಿ ಡಾಲರ್ ದಾಟಿದ ಗೇಮಿಗೆ 25, ಐದು ಕೋಟಿ ದಾಟಿದರೆ 20. ಉಳ್ಳವರಿಗೆ ಇನ್ನಷ್ಟು. ಇದು ಬೇರೆ ಥ್ರೆಡ್ಡಿನ ವಿಷಯ, ಬಿಡಿ.

ಪ್ಯಾಚ್ ಪುಟ್ಟಣ್ಣ

ಹಾಗಾದ್ರೆ ನಿಮ್ಮ ಗೇಮ್ ಎಷ್ಟು ಸಾರ್?

ಇಂಡೀ ಇಡ್ಲಿ

9.99 ಡಾಲರ್, ಇಲ್ಲಿ 349. ನಮ್ಮೂರವರು ಆಡಲಿ ಅಂತ ಕೈಯಾರೆ ಸಲಹೆಗಿಂತ ಕಡಿಮೆ ಇಟ್ಟಿದ್ದು. ಕಾಪಿ ಲೆಕ್ಕದಲ್ಲಿ ಭಾರತ ಮೇಲಿದೆ, ದುಡ್ಡಿನ ಲೆಕ್ಕದಲ್ಲಿ ಎಲ್ಲೋ ಕೆಳಗೆ. ಆದರೆ ರಿವ್ಯೂ ಬರೆಯೋರು, ಬಗ್ ಹಿಡಿದು ಕೊಡೋರು, ಗೆಳೆಯರಿಗೆ ಹೇಳೋರು ಇವರೇ. ಅದನ್ನು ಯಾವ ಖಾನೆಯಲ್ಲಿ ಬರೆಯೋದು?

ಹುಬ್ಬಳ್ಳಿ ಹೆಡ್‌ಶಾಟ್

ಇಡ್ಲಿ ಅಣ್ಣಾರ, 349 ಅಂದ್ರ ನಮ್ಮ ಕಡೆ ಹುಡುಗರಿಗೆ ಒಂದು ತಿಂಗಳ ಮೊಬೈಲ್ ರೀಚಾರ್ಜ್ ಇದ್ದಂಗ. ಅಷ್ಟಕ್ಕ ಕೈ ಬಿಚ್ತಾರ್ರಿ. ನಾನು ಹಾಸ್ಟೆಲಿನಲ್ಲಿ ನೋಡಿದ್ದು ಹೇಳ್ತೀನಿ. 500ರ ಒಳಗಿದ್ದರೆ ಯೋಚನೆ ಮಾಡಲ್ಲ, ಯುಪಿಐ ಒತ್ತಿಬಿಡ್ತಾರೆ. 500 ದಾಟಿದರೆ "ಸೇಲ್ ಬರಲಿ". 1,000 ದಾಟಿದರೆ ನಾಲ್ಕು ಜನ ಸೇರಿ ಒಂದು ಅಕೌಂಟ್. 3,000 ದಾಟಿದರೆ ಟೊರೆಂಟಿನ ಕದ್ದ ಕಾಪಿ, ಮಾತೇ ಇಲ್ಲ. ಬೆಂಗಳೂರು ಸಂಬಳದವರು ಇಲ್ಲಿ ಕೂತು ನ್ಯಾಯ ಅನ್ಯಾಯ ಅಂತೀರಿ, ಹಾಸ್ಟೆಲ್ ಹುಡುಗನಿಗೆ ಈ ಮೂರು ಗೆರೆ ಅಷ್ಟೇ ಗೊತ್ತು.

ಕುಡ್ಲ ಕನ್ಸೋಲ್

ಪಿಸಿಯವರು ಇಷ್ಟು ಅಳುವುದು ನೋಡಿ ನಗು ಬರ್ತದೆ ಮಾರಾಯ್ರೆ. ಟಿವಿಗೆ ಹಾಕಿ ಆಡುವ ಸೋನಿಯ ಪಿಎಸ್5 ಇಲ್ಲಿಗೆ ಬಂದದ್ದು 2021ರ ಫೆಬ್ರವರಿ 2ಕ್ಕೆ, 49,990 ರೂಪಾಯಿ. ಜೊತೆಗೆ ಬಂದ ಡೀಮನ್ಸ್ ಸೋಲ್ಸ್ ಗೇಮ್ 4,999. ನಾವು ಆವತ್ತಿನಿಂದಲೇ ಕೊಡ್ತಾ ಇದ್ದೇವೆ.

ಆದ್ರೆ ಒಂದು ಉಂಟು. ನನ್ನ ಹತ್ತಿರ ಡಿಸ್ಕ್ ಇರ್ತದೆ. ಮಂಗಳೂರಲ್ಲಿ ನಾವು ಐದು ಜನ ಇದ್ದೇವೆ. ಒಬ್ಬ ಹೊಸದು ತಗೊಳ್ಳುವುದು, ಮುಗಿಸಿ ಇನ್ನೊಬ್ಬನಿಗೆ ಕೊಡುವುದು. ಕೊನೆಗೆ ಸೆಕೆಂಡ್ ಹ್ಯಾಂಡಿಗೆ ಮಾರುವುದು. ಬಂದ ದುಡ್ಡಲ್ಲಿ ಮುಂದಿನದ್ದು. ಲೆಕ್ಕ ಹಾಕಿದರೆ ತಲೆಗೆ 500 ಕೂಡ ಬೀಳುವುದಿಲ್ಲ. ಅಂಗಡಿಯವರು ನ್ಯಾಯದ ಬೆಲೆ ಕೊಡದಿದ್ದರೆ ನಾವೇ ಮಾಡಿಕೊಳ್ಳುವುದು. ನಿಮ್ಮ ಸ್ಟೀಮಿನಲ್ಲಿ ಆಡಿ ಮುಗಿದ ಗೇಮ್ ಏನು ಮಾಡ್ತೀರಿ? ನೋಡ್ತಾ ಕೂರುವುದು ಅಷ್ಟೆ.

ಕೀಲಿಕೈ

ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. 2021ರಲ್ಲಿ ನಾನು ಬೇರೆ ದೇಶದಲ್ಲಿರೋ ಹಾಗೆ ತೋರಿಸೋ ವಿಪಿಎನ್ ಹಾಕಿ ಅರ್ಜೆಂಟೀನಾದವನಾಗಿದ್ದೆ. ಅಲ್ಲಿನ ಪೆಸೊ ಬಿದ್ದು ಹೋಗಿತ್ತು, ಇಲ್ಲಿ 3,000ದ ಗೇಮ್ ಅಲ್ಲಿ ಆರೇಳು ನೂರಕ್ಕೆ ಸಿಗ್ತಿತ್ತು. ಗಿಫ್ಟ್ ಕಾರ್ಡನ್ನು ಯಾವುದೋ ಸೈಟಿನಿಂದ ತಗೊಂಡೆ. ಮೊದಲ ಎರಡು ಸಲ ಸರಿಯಾಗಿ ಬಂತು. ಮೂರನೇ ಸಲ ಕೋಡ್ ಕೆಲಸ ಮಾಡಲಿಲ್ಲ, ದುಡ್ಡು ಗೋವಿಂದ. ಕೇಳೋಕೆ ಯಾರೂ ಇಲ್ಲ. ಕಳ್ಳ ದಾರಿಯಲ್ಲಿ ಹೋದವನು ಪೊಲೀಸ್ ಸ್ಟೇಷನ್ನಿಗೆ ಹೋಗಿ ಏನಂತ ದೂರು ಕೊಡ್ತಾನೆ?

ಆಮೇಲೆ ಬಿಟ್ಟೆ. ಆದ್ರೆ ನನ್ನಂಥವರು ಲಕ್ಷಗಟ್ಟಲೆ ಇದ್ದರು ಅನ್ಸುತ್ತೆ. 2023ರ ನವೆಂಬರ್ 20ರಿಂದ ಸ್ಟೀಮು ಅರ್ಜೆಂಟೀನಾ, ಟರ್ಕಿ ಎರಡಕ್ಕೂ ಪೆಸೊ, ಲಿರಾ ತೆಗೆದುಹಾಕಿ ಡಾಲರ್ ಮಾಡಿತು. ಅವರು ಕೊಟ್ಟ ಕಾರಣ ಕರೆನ್ಸಿ ದಿನಾ ಏರಿಳಿತ. ಆದ್ರೆ ಹೊರಗಿನವರ ದಾಳಿ ಅದಕ್ಕೆ ತುಪ್ಪ ಸುರೀತು ಅಂತ ನನ್ನ ಮನಸ್ಸಿಗೆ ಗೊತ್ತು. ಬ್ಯೂನಸ್ ಐರಿಸ್ಸಿನ ಯಾವನೋ ಹುಡುಗ, ನಿಮ್ಮ ತಮ್ಮನ ಥರ, ಒಂದು ಬೆಳಿಗ್ಗೆ ಎದ್ದು ನೋಡಿದಾಗ ವಿಶ್‌ಲಿಸ್ಟಿನ ಬೆಲೆಗಳು ಹಲವು ಪಟ್ಟು ಆಗಿದ್ದವು. ಅದರಲ್ಲಿ ನನ್ನದೂ ಒಂದು ಕಲ್ಲಿದೆ.

ಮಲ್ಲೇಶ್ವರಂ ಮ್ಯಾಪ್

ಅಯ್ಯೋ ಬಿಡಿ ಗುರು, ಒಬ್ಬರಿಂದ ಏನಾಗುತ್ತೆ.

ಕೀಲಿಕೈ

ಒಬ್ಬರಿಂದ ಏನಾಗುತ್ತೆ ಅಂತಲೇ ನಾನೂ ಅಂದುಕೊಂಡಿದ್ದೆ.

ಮ್ಯೂನಿಕ್ ಮೈಸೂರಿಗ

ನಾನು ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿಗೆ ಬಂದ ಮೇಲೆ ಸ್ಟೀಮಿನಲ್ಲಿ ದೇಶ ಬದಲಾಯಿಸಿದೆ. ಇಲ್ಲಿನ ಕಾರ್ಡಿನಲ್ಲಿ ಒಂದು ಖರೀದಿ ಮಾಡಬೇಕು, ಆಮೇಲೆ ಮೂರು ತಿಂಗಳು ಮತ್ತೆ ಬದಲಾಯಿಸೋ ಹಾಗಿಲ್ಲ. 480ರ ಗೇಮ್ ರಾತ್ರೋರಾತ್ರಿ 14 ಯೂರೋ ಆಗಿದ್ದನ್ನು ನೋಡಿ ಒಂದು ಕಾಫಿ ಕುಡಿದು ಸಮಾಧಾನ ಮಾಡಿಕೊಂಡೆ. ಕಾಫಿಗೂ ನಾಲ್ಕು ಯೂರೋ, ಅದು ಬೇರೆ ಮಾತು.

ಇಲ್ಲಿ ಒಂದು ವಿಚಿತ್ರ ನೋಡಿದೆ, ಅದನ್ನು ಹೇಳೋಕೆ ಬಂದೆ. ಯುರೋಪಿಯನ್ ಯೂನಿಯನ್ನಿನಲ್ಲಿ ಎಲ್ಲಾ ಒಂದೇ ಮಾರುಕಟ್ಟೆ ಅನ್ನೋದು ನಿಯಮ. ಮೊದಲು ಕೆಲವು ಪಬ್ಲಿಷರುಗಳು ಪೋಲೆಂಡ್, ಹಂಗೇರಿ, ರೊಮೇನಿಯಾ, ಲಾಟ್ವಿಯಾ ಥರದ ದೇಶಗಳಲ್ಲಿ ಗೇಮ್ ತೆರೆಯೋ ಕೋಡ್, ಅಂದ್ರೆ ಕೀ, ಕಡಿಮೆ ಬೆಲೆಗೆ ಮಾರುತ್ತಿದ್ದರು. ಆ ಕೀ ಜರ್ಮನಿಯಲ್ಲಿ ಕೆಲಸ ಮಾಡದ ಹಾಗೆ ಬೀಗ ಹಾಕಿದ್ದರು. ಇದು ತಪ್ಪು ಅಂತ 2021ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ ವಾಲ್ವ್ ಮತ್ತು ಐದು ಪಬ್ಲಿಷರುಗಳಿಗೆ ಒಟ್ಟು 78 ಲಕ್ಷ ಯೂರೋ ದಂಡ ಹಾಕಿತು. ವಾಲ್ವ್ ಕೋರ್ಟಿಗೆ ಹೋಯಿತು, 2023ರಲ್ಲಿ ಅಲ್ಲೂ ಸೋತಿತು.

ಕೇಳೋಕೆ ಗ್ರಾಹಕರ ಗೆಲುವು ಅಲ್ವಾ? ಆದರೆ ಬೀಗ ಹಾಕೋ ಹಾಗಿಲ್ಲ ಅಂದಮೇಲೆ ಯಾವ ಪಬ್ಲಿಷರ್ ರೊಮೇನಿಯಾಕ್ಕೆ ಕಡಿಮೆ ಬೆಲೆ ಕೊಡ್ತಾನೆ? ಜರ್ಮನಿಯವರೆಲ್ಲಾ ಅಲ್ಲಿಂದಲೇ ತಗೊಳ್ಳಲ್ವಾ? ಹಾಗಾಗಿ ನನ್ನ ರೊಮೇನಿಯಾದ ಸಹೋದ್ಯೋಗಿಯ ತಂಗಿ ಊರಿನಲ್ಲಿ ಕೂತು, ನಾನು ಇಲ್ಲಿ ಕೊಡೋ ಯೂರೋ ಬೆಲೆಯನ್ನೇ ಕೊಡ್ತಾಳೆ. ಸಂಬಳ ನನ್ನದರ ಅರ್ಧವೂ ಇಲ್ಲ. ಸಮಾನತೆ ಅಂತ ಹೇಳಿ ಬಡವರ ರಿಯಾಯಿತಿ ಕಿತ್ತುಕೊಂಡ ಹಾಗಾಯಿತು. ನನಗೆ ಬೀಗ ಅಂದ್ರೆ ಮೊದಲು ಕೋಪ ಬರ್ತಿತ್ತು. ಈಗ ಅನ್ಸುತ್ತೆ, ಊರಿಗೊಂದು ಬೆಲೆ ಬೇಕು ಅಂದ್ರೆ ಊರಿಗೊಂದು ಬೀಗನೂ ಒಪ್ಪಿಕೊಳ್ಳಬೇಕು.

ಪೋಲೆಂಡಿನವರ ಗೋಳು ಇನ್ನೊಂದು. 2022ರಲ್ಲಿ ವಾಲ್ವ್ ಆ ಸಲಹೆ ಪಟ್ಟಿ ತಿದ್ದಿದಾಗ ಡಾಲರಿಗೆ ಅವರ ಐದು ಝ್ಲಾಟಿ ಹತ್ತಿರ ಇತ್ತು. ಆಮೇಲೆ ಅದು ನಾಲ್ಕಕ್ಕೆ ಇಳಿಯಿತು. ಗೇಮಿನ ಬೆಲೆ ಇಳಿಯಲಿಲ್ಲ! ಏರೋವಾಗ ಲಿಫ್ಟು, ಇಳಿಯೋವಾಗ ಮೆಟ್ಟಿಲೂ ಇಲ್ಲ.

ಪ್ಯಾಚ್ ಪುಟ್ಟಣ್ಣ

ಹಾಗಾದ್ರೆ ನೀವು ರಜಕ್ಕೆ ಮೈಸೂರಿಗೆ ಬಂದಾಗ ಅಮ್ಮನ ಯುಪಿಐನಲ್ಲಿ ತಗೊಳ್ಳಲ್ಲ ಅಂತ ಚಾಮುಂಡಿ ಮೇಲೆ ಆಣೆ ಮಾಡಿ ನೋಡೋಣ 😄

ಮ್ಯೂನಿಕ್ ಮೈಸೂರಿಗ

ಚಾಮುಂಡಿ ತಾಯಿಯನ್ನು ಇದಕ್ಕೆಲ್ಲಾ ಎಳೀಬೇಡಿ. (ಒಂದು ಸಲ ಮಾಡಿದ್ದೀನಿ. ದೀಪಾವಳಿ ಟೈಮಲ್ಲಿ.)

ಲೋಸ್ಪೆಕ್ ಲಿಂಗಣ್ಣ

ಮೈಸೂರಿಗರ ಬೀಗದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. 2017ರಲ್ಲಿ ಗಿಫ್ಟ್ ನಿಯಮ ಬದಲಾಯಿಸಿದಾಗ ನಾನು ವಾಲ್ವಿಗೆ ಬೈದವನೇ. ಮುಂಚೆ ಸೇಲಿನಲ್ಲಿ ನಾಲ್ಕು ಕಾಪಿ ತಗೊಂಡು ಇನ್ವೆಂಟರಿಯಲ್ಲಿ ಇಟ್ಟು ಹುಟ್ಟುಹಬ್ಬಕ್ಕೆ ಕೊಡಬಹುದಿತ್ತು. ಆಮೇಲೆ ತಗೊಳ್ಳುವಾಗಲೇ ಯಾರಿಗೆ ಅಂತ ಹೇಳಬೇಕು, ನೇರ ಆ ಗೆಳೆಯನಿಗೇ ಹೋಗಬೇಕು, ಎರಡು ದೇಶದ ಬೆಲೆಯಲ್ಲಿ ವ್ಯತ್ಯಾಸ ಜಾಸ್ತಿ ಇದ್ದರೆ ಹೋಗೋದೇ ಇಲ್ಲ ಅಂತಾಯಿತು. ನ್ಯೂಜೆರ್ಸಿಯ ಭಾವನಿಗೆ ನಾನು ಗೇಮ್ ಕಳಿಸೋಕಾಗಲ್ಲ. ಅವರು ನನಗೆ ಕಳಿಸಬಹುದು, ಆದರೆ ಅವರು ಕಳಿಸಲ್ಲ, ಅದು ಬೇರೆ ಸಮಸ್ಯೆ.

ಹಳೇ ಸಿಡಿ

ಬೀಗ ಬೇಡ, ಎಲ್ಲರಿಗೂ ಒಂದೇ ಬೆಲೆ ಅನ್ನೋ ಪ್ರಯೋಗನೂ ಆಗಿದೆ. ಗಾಗ್ ಅಂತ ಪೋಲೆಂಡಿನ ಅಂಗಡಿ, 2008ರಲ್ಲಿ ಶುರುವಾಯಿತು. ಹಳೇ ಗೇಮುಗಳು, ಕಾಪಿ ತಡೆಯೋ ಬೀಗನೂ ಇಲ್ಲದ ಫೈಲು, ಜಗತ್ತಿಗೆಲ್ಲಾ ಒಂದೇ ಡಾಲರ್ ಬೆಲೆ. ಅದೇ ಅವರ ಹೆಮ್ಮೆ. 2014ರಲ್ಲಿ ಹೊಸ ದೊಡ್ಡ ಗೇಮುಗಳನ್ನು ತರೋಕೆ ಹೋದಾಗ ಪಬ್ಲಿಷರುಗಳು ದೇಶಕ್ಕೊಂದು ಬೆಲೆ ಬೇಕು ಅಂತ ಪಟ್ಟು ಹಿಡಿದರು. ಜನ ಗಲಾಟೆ ಮಾಡಿದರು, ಒಮ್ಮೆ ಹಿಂದೆ ಸರಿದರು. ಅದೇ ವರ್ಷ ಇನ್ನೊಂದು ದಾರಿ ಹುಡುಕಿದರು. ನಿಮ್ಮ ದೇಶದಲ್ಲಿ ಅಮೆರಿಕಕ್ಕಿಂತ ಬೆಲೆ ಜಾಸ್ತಿ ಇದ್ದರೆ, ವ್ಯತ್ಯಾಸದ ದುಡ್ಡನ್ನು ಅಂಗಡಿಯೇ ನಿಮ್ಮ ವಾಲೆಟ್ಟಿಗೆ ವಾಪಸ್ ಹಾಕುತ್ತೆ! ತಮ್ಮ ಪಾಲಿನಿಂದ. ಸುಮಾರು ಐದು ವರ್ಷ ನಡೆಸಿದರು. ಡೆವಲಪರುಗಳಿಗೆ ಜಾಸ್ತಿ ಪಾಲು ಕೊಡಬೇಕಾಗಿ ಬಂದು ಕೈಲಾಗದೆ 2019ರ ಮಾರ್ಚ್ ಕೊನೆಗೆ ನಿಲ್ಲಿಸಿದರು.

ಆದರೆ ಗಮನಿಸಿ, ಅವರು ಹೆದರಿದ್ದು ಆಸ್ಟ್ರೇಲಿಯಾ, ಯುರೋಪಿನವರು ಅಮೆರಿಕಕ್ಕಿಂತ ಜಾಸ್ತಿ ಕೊಡಬೇಕಾಗುತ್ತೆ ಅಂತ. "ನ್ಯಾಯದ ಬೆಲೆ" ಅಂದ್ರೆ ಅವರಿಗೆ ಅಮೆರಿಕದ ಬೆಲೆ. ನಮಗೆ ಅಮೆರಿಕದ ಬೆಲೆಯೇ ಅನ್ಯಾಯ. ಒಂದೇ ಮಾತು, ಎರಡು ಊರಿನಲ್ಲಿ ಎರಡು ಅರ್ಥ.

ಮಲ್ಲೇಶ್ವರಂ ಮ್ಯಾಪ್

ಇದರ ಮಧ್ಯೆ ನನಗೆ ಉರಿಯೋದು ಬೇರೆ. ರಾಕ್‌ಸ್ಟಾರ್ ಕಂಪನಿಯ ಗೇಮ್ ರೆಡ್ ಡೆಡ್ 2 ಕ್ರೆಡಿಟ್ಸ್ ಕೊನೆವರೆಗೂ ನೋಡಿದ್ದೀರಾ? ಅವರ ಬೆಂಗಳೂರು ಆಫೀಸಿನವರ ಹೆಸರುಗಳು ಸಾಲುಸಾಲಾಗಿ ಬರುತ್ತವೆ. 1997ರಲ್ಲೇ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಅನ್ನೋ ಗೇಮ್ ಸ್ಟುಡಿಯೋವನ್ನು ಕೂಡ 2019ರಲ್ಲಿ ಅದೇ ರಾಕ್‌ಸ್ಟಾರ್ ಕೊಂಡುಕೊಂಡಿತು. ಕೆಲಸ ಕೊಡುವಾಗ ಬೆಂಗಳೂರಿನ ಸಂಬಳ, ಮಾರುವಾಗ 3,199. ಸಂಬಳಕ್ಕೆ ಊರಿನ ಲೆಕ್ಕ ಗೊತ್ತಿರೋರಿಗೆ ಬೆಲೆಗೆ ಮಾತ್ರ ಯಾಕೆ ಮರೆತುಹೋಗುತ್ತೆ?

ಹುಬ್ಬಳ್ಳಿ ಹೆಡ್‌ಶಾಟ್

ಇದು ನೋಡ್ರಿ ಮಾತು 👏

ಪ್ಯಾಚ್ ಪುಟ್ಟಣ್ಣ

ಮ್ಯಾಪ್ ಅವರೇ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ 3,199 ಅಂದ್ರೆ ಗೇಮ್ ಡಾಲರ್ 53, ಅದೇನೂ ಪೂರ್ತಿ ಅಮೆರಿಕದ ಬೆಲೆ ಅಲ್ಲ. ಸೇಲಿನಲ್ಲಿ 1,055ಕ್ಕೂ ಬಂದಿತ್ತು, ನಾನು ಅವಾಗಲೇ ತಗೊಂಡಿದ್ದು. ತಾಳ್ಮೆ ಇದ್ದವನಿಗೆ ಬೆಲೆ ತಾನೇ ಇಳಿದು ಬರುತ್ತೆ ಅನ್ನೋದು ನನ್ನ ವಾದ.

ಕಠ್ಮಂಡು ಕಾಲ್

ನಮಸ್ಕಾರ. ನಾನು ಬೆಂಗಳೂರಿನಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು, ಕನ್ನಡ ಹಾಸ್ಟೆಲಿನಲ್ಲಿ ಕಲಿತದ್ದು, ತಪ್ಪಿದ್ದರೆ ಕ್ಷಮಿಸಿ. ಈಗ ಕಠ್ಮಂಡುವಿಗೆ ವಾಪಸ್ ಬಂದಿದ್ದೇನೆ. ನೀವೆಲ್ಲಾ ರೂಪಾಯಿ ಬೆಲೆ ಬಗ್ಗೆ ಜಗಳ ಮಾಡುತ್ತಿದ್ದೀರಿ, ಸ್ಟೀಮಿನಲ್ಲಿ ನಮಗೆ ರೂಪಾಯಿಯೇ ಇಲ್ಲ. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನ, ಭೂತಾನ್ ಎಲ್ಲಾ ಒಂದೇ ಗುಂಪು, ದಕ್ಷಿಣ ಏಷ್ಯಾ ಡಾಲರ್ ಅಂತ ಒಂದೇ ಖಾನೆ. ಡಾಲರ್ ಕಾರ್ಡ್ ಮಾಡಿಸಬೇಕು, ಯುಪಿಐ ಇಲ್ಲ.

ಇಡ್ಲಿ ಅಣ್ಣ, ನಿಮ್ಮ ಗೇಮ್ ಯಾವುದು ಅಂತ ನನಗೆ ಅಂದಾಜಿದೆ, ಹಾಸ್ಟೆಲಿನಲ್ಲಿ ಇದ್ದಾಗ ಡೆಮೊ ಆಡಿದ್ದೆ. ನಿಮ್ಮ ಊರಿನಲ್ಲಿ 349. ನನಗೆ ಇಲ್ಲಿ ಮೂಲ ಬೆಲೆ 9.99 ಡಾಲರ್ ತೋರಿಸುತ್ತಿದೆ. ಅಮೆರಿಕದವರಿಗೂ 9.99, ನನಗೂ 9.99. ಭಾರತದ ರೂಪಾಯಿಯಲ್ಲಿ 850ರ ಮೇಲೆ. ಸುಮ್ನೆ ಕೇಳುತ್ತಿದ್ದೇನೆ, ಜಗಳಕ್ಕಲ್ಲ.

ಲೋಸ್ಪೆಕ್ ಲಿಂಗಣ್ಣ

ಇಡ್ಲಿ ಸರ್??

ಪ್ಯಾಚ್ ಪುಟ್ಟಣ್ಣ

ಕೌಂಟರಿನ ಆಚೆಯಿಂದ ಈಗ ಏನು ಹೇಳ್ತಾರೋ ನೋಡೋಣ.

ಇಂಡೀ ಇಡ್ಲಿ

ಲಾಗಿನ್ ಆಗಿ ನೋಡಿಕೊಂಡು ಬಂದೆ. ಕಠ್ಮಂಡು ತಮ್ಮ ಹೇಳಿದ್ದು ನಿಜ. ಆ ಖಾನೆಯಲ್ಲಿ ವಾಲ್ವ್ ಸಲಹೆ 9.99ಕ್ಕಿಂತ ಎಷ್ಟೋ ಕಡಿಮೆ ಇತ್ತು. ಅದನ್ನು ಅಳಿಸಿ 9.99 ಅಂತ ಬರೆದವನು ನಾನೇ. ರಿಲೀಸ್ ಹಿಂದಿನ ರಾತ್ರಿ ಎರಡು ಗಂಟೆಗೆ ಪಟ್ಟಿ ತುಂಬಿಸುತ್ತಾ ಕೂತಿದ್ದೆ. ರೂಪಾಯಿ ಖಾನೆಗೆ ಅರ್ಧ ಗಂಟೆ ಯೋಚನೆ ಮಾಡಿದ್ದೆ, ನಮ್ಮ ಹುಡುಗರು ಅಂತ. ಅದರ ಕೆಳಗೆ "ಡಾಲರ್" ಅಂತ ಕಂಡಿತು. ಡಾಲರ್ ಅಂದ್ರೆ ಡಾಲರ್ ಅಲ್ವಾ ಅಂತ ಎರಡು ಸೆಕೆಂಡಿನಲ್ಲಿ ಹಾಕಿ ಮುಂದೆ ಹೋದೆ. ಯಾವ ದೇಶಗಳು ಅಂತ ಓದಲೂ ಇಲ್ಲ. ಎರಡು ವರ್ಷದಿಂದ ಹಾಗೇ ಇದೆ. ಯಾರೂ ಹೇಳಿರಲಿಲ್ಲ, ಹೇಳುವವರು ಯಾರು, ತಗೊಂಡವರೇ ಇಲ್ಲವಲ್ಲ.

ಈಗಲೇ ತಿದ್ದೋಣ ಅಂತ ಹೋದೆ. ಬಿಡ್ತಿಲ್ಲ. ಸೇಲ್ ನಡೆಯುವಾಗ ಮೂಲ ಬೆಲೆ ಮುಟ್ಟೋ ಹಾಗಿಲ್ಲ, ನಮ್ಮದು ಗುರುವಾರದವರೆಗೆ 40 ಪರ್ಸೆಂಟ್ ಸೇಲಿನಲ್ಲಿದೆ. ಶುಕ್ರವಾರ ಬೆಳಿಗ್ಗೆ ಮೊದಲ ಕೆಲಸ ಅದೇ. ಇಂಡಿಯಾದ 349ಕ್ಕೆ ಸರಿಯಾಗಿ ನಾಲ್ಕು ಡಾಲರ್ ಹತ್ತಿರ ಇಡುತ್ತೇನೆ. ತಮ್ಮ, ಅಲ್ಲಿಯವರೆಗೆ ತಗೋಬೇಡ.

ಕಠ್ಮಂಡು ಕಾಲ್

ಸರಿ ಅಣ್ಣ. ವಿಶ್‌ಲಿಸ್ಟಿಗೆ ಹಾಕಿದ್ದೇನೆ.

ಲೋಸ್ಪೆಕ್ ಲಿಂಗಣ್ಣ

ಇಡ್ಲಿ ಸರ್, ಹಾಗೇ ಟರ್ಕಿ, ಅರ್ಜೆಂಟೀನಾ ಇರೋ ಡಾಲರ್ ಖಾನೆಗಳನ್ನೂ ಒಮ್ಮೆ ತೆಗೆದು ನೋಡಿ.

ಇಂಡೀ ಇಡ್ಲಿ

ನೋಡಿದೆ. ಅವೂ 9.99.